ಪರದೆ ಕಪ್ಪಾದರೆ ಫಾರ್ಮ್ಯಾಟೇ ಮದ್ದೆ?

ಕನ್ನಡದ ತರುಣರೇ,

ಈ ಸಲ ಗಡಿಯ ಬಗ್ಗೆ ಬರೆಯುತ್ತಿಲ್ಲ. ನದಿಯ ಬಗ್ಗೆಯೂ ಅಲ್ಲ. ನಿಮ್ಮ ಮೇಜಿನ ಮೇಲೆ ಕೂತಿರುವ ಕಂಪ್ಯೂಟರಿನ ಪರದೆಯ ಬಗ್ಗೆ ಬರೆಯುತ್ತಿದ್ದೇನೆ. ಇದೇನು ಹೊಸ ರಗಳೆ ಎನ್ನಬೇಡಿ. ಮೊದಲು ಓದಿ, ಆಮೇಲೆ ಬೈಯಿರಿ.

ಬಂಟ್ವಾಳದ ಬಿ.ಸಿ. ರೋಡಿನಲ್ಲಿ ನನ್ನ ಪರಿಚಯದವರದ್ದೊಂದು ಡಿಟಿಪಿ ಅಂಗಡಿ. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಯಂತ್ರ, ಗೋಡೆ ತುಂಬ ಮದುವೆ ಕಾಗದದ ಮಾದರಿಗಳು. ನಾನು ಹೋದದ್ದು ಫೆಬ್ರವರಿ ತಿಂಗಳಲ್ಲಿ. ಕರಾವಳಿಯವರಿಗೆ ಹೇಳಬೇಕಾಗಿಲ್ಲ, ಅದು ಬ್ರಹ್ಮಕಲಶ, ನೇಮ, ಬಯಲಾಟಗಳ ಸುಗ್ಗಿ. ಒಂದು ದೇವಸ್ಥಾನದ ಆಮಂತ್ರಣ ಮಾರನೆಯ ಬೆಳಿಗ್ಗೆ ಮುದ್ರಣಕ್ಕೆ ಹೋಗಬೇಕಿತ್ತು. ರಾತ್ರಿ ಒಂಬತ್ತರ ಹೊತ್ತಿಗೆ ಪರದೆ ಇದ್ದಕ್ಕಿದ್ದಂತೆ ಕಪ್ಪಾಯಿತು. ಎರಡು ಸೆಕೆಂಡ್ ಕಳೆದು ಮತ್ತೆ ಬಂತು. ಆದರೆ ವಿನ್ಯಾಸದ ತಂತ್ರಾಂಶ ಮಾಯ. ಕೆಳಗೆ ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು. ಓದುವಷ್ಟರಲ್ಲಿ ಅದೂ ಮಾಯ. ಅರ್ಧ ಗಂಟೆಯಲ್ಲಿ ಮೂರು ಸಲ ಹೀಗೇ ಆಯಿತು.

ರಿಪೇರಿಯ ಹುಡುಗನಿಗೆ ಫೋನ್ ಹೋಯಿತು. ಬಂದ. ಕುರ್ಚಿಯಲ್ಲಿ ಕೂರಲಿಲ್ಲ, ನಿಂತುಕೊಂಡೇ ನೋಡಿದ. "ಫಾರ್ಮ್ಯಾಟ್ ಮಾಡದೆ ಆಗುದಿಲ್ಲ ಅಣ್ಣ" ಅಂದ. ಅಂಗಡಿಯವರು ನನ್ನ ಮುಖ ನೋಡಿದರು. ಪೇಟೆಯಲ್ಲಿ ಓದಿದವನು, ಪತ್ರಿಕೆಗೆ ಬರೆಯುವವನು, ಇವನಿಗೆ ಗೊತ್ತಿರಬಹುದು ಎಂಬ ಆಸೆ ಅವರದ್ದು. ನನಗೆ ಏನು ಗೊತ್ತಿತ್ತು? ಮಣ್ಣು! ನಾನೂ ತಲೆಯಾಡಿಸಿದೆ.

ಫಾರ್ಮ್ಯಾಟ್ ಆಯಿತು. ಸಿ ಡ್ರೈವ್ ಒರೆಸಿ ಹೊಸದಾಗಿ ವಿಂಡೋಸ್ ಹಾಕಿದ್ದಾಯಿತು. ಡೆಸ್ಕ್‌ಟಾಪಿನ ಮೇಲೆ ಇಟ್ಟುಕೊಂಡಿದ್ದ ಹನ್ನೊಂದು ವರ್ಷದ ಕೆಲಸ ಹೋಯಿತು. ಅದರಲ್ಲಿ ನಿವೃತ್ತ ಮೇಷ್ಟ್ರೊಬ್ಬರ ತಾಳಮದ್ದಳೆಯ ಅರ್ಥಗಾರಿಕೆಯ ಟಿಪ್ಪಣಿಗಳಿದ್ದವು. ಅವರ ಕೈಬರಹ ನೋಡಿ ನಾಲ್ಕು ತಿಂಗಳು ಕೂತು ಟೈಪಿಸಿದ್ದು. ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ. ಹಳೆಯ ಫಾಂಟುಗಳೂ ಹೋದವು. ಪೆನ್‌ಡ್ರೈವಿನಲ್ಲಿ ಉಳಿದಿದ್ದ ನಾಲ್ಕಾರು ಕಡತ ತೆರೆದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ.

ಇಷ್ಟಾದ ಮೇಲಾದರೂ ಯಂತ್ರ ಸರಿಯಾಯಿತೆ? ನಾಲ್ಕನೆಯ ದಿನ ಪರದೆ ಮತ್ತೆ ಕಪ್ಪಾಯಿತು!

ಯಾಕೆ ಗೊತ್ತೆ? ರೋಗ ಇದ್ದದ್ದು ಒಂದು ಕಡೆ, ಕೊಯ್ದದ್ದು ಇನ್ನೊಂದು ಕಡೆ. ಮೊದಲು ತೊಂದರೆ ಕೊಟ್ಟಿದ್ದ ಗ್ರಾಫಿಕ್ಸ್ ಡ್ರೈವರೇ ಮತ್ತೆ ತಾನಾಗಿ ಬಂದು ಕೂತಿತ್ತು. ಬೆಳ್ತಂಗಡಿ ಕಡೆಯ ಇಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳು ರಜೆಯಲ್ಲಿ ಬಂದವಳು ಅಂಗಡಿಗೆ ಪ್ರಾಜೆಕ್ಟ್ ಪುಸ್ತಕ ಬೈಂಡ್ ಮಾಡಿಸಲು ಬಂದಿದ್ದಳು. ಅವಳು ಕೂತು ವಿನ್ಯಾಸದ ತಂತ್ರಾಂಶದಲ್ಲಿ ಒಂದು ಟಿಕ್ ತೆಗೆದಳು, ಹಳೆಯ ಡ್ರೈವರ್ ಹಾಕಿದಳು. ಹತ್ತು ನಿಮಿಷದ ಕೆಲಸ. ಅವತ್ತಿನಿಂದ ಆ ಪರದೆ ಕಪ್ಪಾಗಿಲ್ಲ.

ಹತ್ತು ನಿಮಿಷದ ಅರಿವು ಇಲ್ಲದ್ದಕ್ಕೆ ಹನ್ನೊಂದು ವರ್ಷದ ಕನ್ನಡ ಹೋಯಿತು. ಅವಳ ಪಕ್ಕ ಕೂತು ಕೇಳಿ, ಆಮೇಲೆ ಓದಿ ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಕಂಪ್ಯೂಟರಿನೊಳಗೆ ಚಿತ್ರ ಬಿಡಿಸುವುದಕ್ಕೆಂದೇ ಒಂದು ಚಿಪ್ ಇದೆ. ಗ್ರಾಫಿಕ್ಸ್ ಚಿಪ್ ಅನ್ನಿ, ಜಿಪಿಯು ಅನ್ನಿ. ಅದಕ್ಕೂ ವಿಂಡೋಸಿಗೂ ನಡುವೆ ದುಭಾಷಿಯಂತೆ ನಿಂತಿರುವುದು ಡ್ರೈವರ್ ಎಂಬ ತಂತ್ರಾಂಶ. ದುಭಾಷಿ ತಪ್ಪು ಹೇಳಿದರೆ ಎರಡೂ ಕಡೆಯವರು ಒಳ್ಳೆಯವರಾಗಿದ್ದರೂ ಜಗಳವೇ. 2007ರಲ್ಲಿ ಪೇಟೆಗೆ ಬಂದ ವಿಂಡೋಸ್ ವಿಸ್ತಾದಿಂದ ಈಚೆಗೆ ಇದಕ್ಕೊಂದು ಕಾವಲು ಇದೆ. ಟಿಡಿಆರ್ ಎಂದು ಅದರ ಹೆಸರು. ಚಿಪ್ 2 ಸೆಕೆಂಡಿನೊಳಗೆ ಉತ್ತರ ಕೊಡದಿದ್ದರೆ ವಿಂಡೋಸೇ ಡ್ರೈವರನ್ನು ಕೆಡವಿ ಮತ್ತೆ ಎಬ್ಬಿಸುತ್ತದೆ. ಪರದೆ ಕಪ್ಪಾಗಿ ಮತ್ತೆ ಬರುವುದು ಆ ಹೊತ್ತಿನಲ್ಲಿ. ಒಂದು ನಿಮಿಷದೊಳಗೆ ಐದಕ್ಕಿಂತ ಹೆಚ್ಚು ಸಲ ಹೀಗಾದರೆ ಯಂತ್ರ ಕೈಚೆಲ್ಲಿ ನೀಲಿ ಪರದೆ ತೋರಿಸಿ ಮಲಗುತ್ತದೆ. ಅಂದರೆ, ಪರದೆ ಕಪ್ಪಾಗಿ ಮರಳಿ ಬಂತು ಎಂದರೆ ಕಂಪ್ಯೂಟರ್ ಸತ್ತಿಲ್ಲ ಸ್ವಾಮಿ, ತಾನೇ ಎದ್ದು ನಿಂತಿದೆ! ಎದ್ದು ನಿಂತವನನ್ನು ನಾವು ಸ್ಮಶಾನಕ್ಕೆ ಹೊರುತ್ತಿದ್ದೇವೆ.

ಹಾಗಾದರೆ ಮೊದಲು ಏನು ಮಾಡಬೇಕು? ಏನೂ ಮಾಡಬಾರದು. ಕೆಲಸ ಬೇರೆ ಕಡೆ ಉಳಿಸಿಕೊಳ್ಳಿ. ಪೆನ್‌ಡ್ರೈವಿಗೋ ಹೊರಗಿನ ಡಿಸ್ಕಿಗೋ ಕಡತಗಳ ಜೊತೆ ಫಾಂಟ್ಸ್ ಕೋಶವನ್ನೂ ನಕಲು ಮಾಡಿ. ಪರದೆ ಕಪ್ಪಾಗಿ ಹಾಗೇ ಉಳಿದರೆ ವಿಂಡೋಸ್ ಕೀಲಿ, ಕಂಟ್ರೋಲ್, ಶಿಫ್ಟ್, ಬಿ ಈ ನಾಲ್ಕನ್ನೂ ಒಟ್ಟಿಗೆ ಒತ್ತಿ. ವಿಂಡೋಸ್ 10 ಮತ್ತು 11ರಲ್ಲಿ ಇದು ಡ್ರೈವರನ್ನಷ್ಟೇ ಮರಳಿ ಎಬ್ಬಿಸುತ್ತದೆ, ತೆರೆದಿಟ್ಟ ಕಡತ ಉಳಿಯುವ ಸಾಧ್ಯತೆ ಇದೆ. ಆಮೇಲೆ ಸ್ಟಾರ್ಟ್ ಮೆನುವಿನಲ್ಲಿ ರಿಲಯಬಿಲಿಟಿ ಎಂದು ಹುಡುಕಿ. ದಿನ ದಿನದ ಪಟ್ಟಿ ಬರುತ್ತದೆ, ಯಂತ್ರ ಬಿದ್ದ ದಿನದ ಮೇಲೆ ಕೆಂಪು ಗುರುತು ಇರುತ್ತದೆ. ಆ ಗುರುತು ಶುರುವಾಗುವ ಹಿಂದಿನ ದಿನ ಹೊಸದಾಗಿ ಏನು ಒಳಬಂತು ನೋಡಿ. ಎಷ್ಟೋ ಸಲ ಕಳ್ಳ ಅಲ್ಲೇ ಸಿಗುತ್ತಾನೆ.

ಒಂದೇ ತಂತ್ರಾಂಶದಲ್ಲಿ ಮಾತ್ರ ಹೀಗಾಗುತ್ತಿದ್ದರೆ ವಿಂಡೋಸನ್ನು ಮುಟ್ಟಲೇಬೇಡಿ. ಆ ತಂತ್ರಾಂಶಕ್ಕೆ ಗ್ರಾಫಿಕ್ಸ್ ಚಿಪ್ಪಿನ ಸಹವಾಸ ಬಿಡಿಸಿ. ಫೋಟೊಶಾಪಿನಲ್ಲಿ ಪ್ರಿಫರೆನ್ಸಸ್ ಒಳಗೆ ಪರ್ಫಾರ್ಮೆನ್ಸ್, ಅಲ್ಲಿ ಯೂಸ್ ಗ್ರಾಫಿಕ್ಸ್ ಪ್ರೊಸೆಸರ್ ಎಂಬ ಟಿಕ್. ಕ್ರೋಮಿನಲ್ಲಿ ಸೆಟ್ಟಿಂಗ್ಸ್ ಒಳಗೆ ಸಿಸ್ಟಮ್, ಅಲ್ಲಿ ಗ್ರಾಫಿಕ್ಸ್ ಆಕ್ಸಲರೇಶನ್ ಎಂಬ ಗುಂಡಿ. ಹೊಸ ಕೋರೆಲ್‌ಡ್ರಾದಲ್ಲಿಯೂ ಇಂಥದ್ದು ಇದೆ. ತೆಗೆದು, ತಂತ್ರಾಂಶ ಮುಚ್ಚಿ ತೆರೆಯಿರಿ. ಕೆಲಸ ಸ್ವಲ್ಪ ನಿಧಾನವಾಗಬಹುದು. ಆಗಲಿ! ಆಮಂತ್ರಣ ಪತ್ರಿಕೆಗೆ ರಾಕೆಟ್ಟಿನ ವೇಗ ಯಾಕೆ?

ಇದು ಹೊಸ ವಿದ್ಯೆಯೂ ಅಲ್ಲ. 1995ರ ವಿಂಡೋಸ್ 95ರಲ್ಲೇ ಹಾರ್ಡ್‌ವೇರ್ ಆಕ್ಸಲರೇಶನ್ ಎಂಬ ಒಂದು ಜಾರುಪಟ್ಟಿ ಇತ್ತು, ಎಕ್ಸ್‌ಪಿಯಲ್ಲಿ ಡಿಸ್‌ಪ್ಲೇಯ ಟ್ರಬಲ್‌ಶೂಟ್ ಪುಟದಲ್ಲಿತ್ತು. ಬಲಕ್ಕೆ ಎಳೆದರೆ ಪೂರ್ತಿ ವೇಗ, ಎಡಕ್ಕೆ ಎಳೆದರೆ ಚಿಪ್ಪಿನ ಸಹಾಯವೇ ಇಲ್ಲ. ಪರದೆ ಕೆಟ್ಟರೆ ಒಂದೊಂದೇ ಮೆಟ್ಟಿಲು ಎಡಕ್ಕೆ ಬನ್ನಿ ಎಂದು ಅದೇ ಹೇಳುತ್ತಿತ್ತು. ಈಗ ಆ ಪಟ್ಟಿ ಹೋಗಿದೆ, ಅದರ ಕೆಲಸ ಹತ್ತು ಕಡೆ ಚದುರಿದೆ. ಒಂದು ಕಡೆ ಡಿಸ್‌ಪ್ಲೇಯ ಗ್ರಾಫಿಕ್ಸ್ ಪುಟ. 2020ರ ವಿಂಡೋಸ್ 10ರಲ್ಲಿ ಬಂದ ಹಾರ್ಡ್‌ವೇರ್ ಆಕ್ಸಲರೇಟೆಡ್ ಜಿಪಿಯು ಶೆಡ್ಯೂಲಿಂಗ್ ಅಲ್ಲಿದೆ. ಅದನ್ನು ಆರಿಸಿ ಯಂತ್ರ ಮರಳಿ ಶುರುಮಾಡಿ ನೋಡಬಹುದು. ಎರಡು ಚಿಪ್ ಇರುವ ಲ್ಯಾಪ್‌ಟಾಪ್ ಆದರೆ ಯಾವ ತಂತ್ರಾಂಶಕ್ಕೆ ಯಾವ ಚಿಪ್ ಎಂದು ಅದೇ ಪುಟದಲ್ಲಿ ಗೊತ್ತುಮಾಡಬಹುದು. ಡ್ರೈವರಿನ ಮೇಲೇ ಅನುಮಾನವಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಡಿಸ್‌ಪ್ಲೇ ಅಡಾಪ್ಟರ್, ಅದರ ಪ್ರಾಪರ್ಟೀಸ್, ಡ್ರೈವರ್ ಪುಟದಲ್ಲಿ ರೋಲ್ ಬ್ಯಾಕ್ ಡ್ರೈವರ್. ಹಿಂದಿನ ಡ್ರೈವರ್ ಉಳಿದಿದ್ದರೆ ಆ ಗುಂಡಿ ಒತ್ತಲು ಬರುತ್ತದೆ, ಇಲ್ಲದಿದ್ದರೆ ಮಸುಕಾಗಿರುತ್ತದೆ. ಆಗ ಲ್ಯಾಪ್‌ಟಾಪ್ ಮಾಡಿದ ಕಂಪನಿಯ ಪುಟದಿಂದ ಹಳೆಯದನ್ನು ತಂದು ಹಾಕಬೇಕು.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಒಂದು ಸಲಕ್ಕೆ ಒಂದೇ ಬದಲಾವಣೆ! ಅದನ್ನು ಕಾಗದದಲ್ಲಿ ಬರೆದಿಡಿ. ಒಂದು ದಿನ ಕೆಲಸ ಮಾಡಿ ನೋಡಿ. ಫಲ ಇಲ್ಲದಿದ್ದರೆ ಮೊದಲಿನಂತೆ ಮಾಡಿ, ಆಮೇಲೆ ಮುಂದಿನದು. ಐದು ಗುಂಡಿ ಒಟ್ಟಿಗೆ ಒತ್ತಿದವನಿಗೆ ಯಂತ್ರ ಸರಿಯಾದರೂ ಯಾಕೆ ಸರಿಯಾಯಿತು ಎಂದು ತಿಳಿಯುವುದಿಲ್ಲ, ಕೆಟ್ಟರೂ ತಿಳಿಯುವುದಿಲ್ಲ.

ಬೆಳ್ತಂಗಡಿಯ ಕಥೆ ಇನ್ನೊಂದು ಬಗೆಯದು. ಅಲ್ಲಿ ಉಜಿರೆ, ಗುರುವಾಯನಕೆರೆ ಎಂದು ಎಲ್ಲಿ ನೋಡಿದರೂ ಕಾಲೇಜಿನ ಹುಡುಗರು, ಎಲ್ಲರ ಬೆನ್ನ ಮೇಲೂ ಲ್ಯಾಪ್‌ಟಾಪ್. ಇವರಿಗೆ ಸೆಟ್ಟಿಂಗಿನ ಹೆದರಿಕೆ ಇಲ್ಲ, ಇರಬೇಕಾದಷ್ಟೂ ಇಲ್ಲ! ಮೊಬೈಲಿನಲ್ಲಿ ಒಂದು ವಿಡಿಯೊ ನೋಡುತ್ತಾರೆ. ಎಂಎಸ್‌ಕಾನ್ಫಿಗ್ ತೆರೆಯಿರಿ, ಬೂಟ್ ಪುಟದ ಅಡ್ವಾನ್ಸ್‌ಡ್ ಆಯ್ಕೆಯಲ್ಲಿ ಪ್ರೊಸೆಸರುಗಳ ಸಂಖ್ಯೆಯನ್ನೂ ಮ್ಯಾಕ್ಸಿಮಮ್ ಮೆಮೊರಿಯನ್ನೂ ಟಿಕ್ ಮಾಡಿ, ನಿಮ್ಮ ಆಟ ಕುದುರೆಯಂತೆ ಓಡುತ್ತದೆ ಎಂದು ಅದರಲ್ಲಿ ಹೇಳುತ್ತಾರೆ. ಶುದ್ಧ ಬೊಗಳೆ. ಆ ಟಿಕ್ ಇರುವುದು ಯಂತ್ರದ ಕೈ ಕಟ್ಟಿ ಪರೀಕ್ಷೆ ಮಾಡುವುದಕ್ಕೆ. ಏನನ್ನೂ ಟಿಕ್ ಮಾಡದಿದ್ದರೆ ವಿಂಡೋಸ್ ಇರುವ ಪ್ರೊಸೆಸರುಗಳನ್ನೆಲ್ಲ ತಾನೇ ಬಳಸುತ್ತದೆ. ಮೆಮೊರಿಯ ಅಂಕಿ ಕಡಿಮೆ ಬಿದ್ದರೆ ಯಂತ್ರ ಏಳುವುದೇ ಕಷ್ಟ. ಇನ್ನೊಬ್ಬ ರಿಜಿಸ್ಟ್ರಿಗೆ ಹೋಗಿ ಟಿಡಿಆರ್ ಡಿಲೇ ಎಂಬ ಅಂಕಿ ಹಾಕಿ ಎನ್ನುತ್ತಾನೆ. ಆ 2 ಸೆಕೆಂಡನ್ನು 8 ಮಾಡಬಹುದು, 10 ಮಾಡಬಹುದು, ನಿಜ. ಗಂಟೆಗಟ್ಟಲೆ ತ್ರೀಡಿ ರೆಂಡರ್ ಮಾಡುವವರಿಗೆ ಅದರ ಉಪಯೋಗವಿದೆ. ಉಳಿದವರಿಗೆ ಅದು ಕಾವಲುಗಾರನಿಗೆ ನಿದ್ದೆ ಮಾತ್ರೆ ಕೊಟ್ಟ ಹಾಗೆ. ಕಳ್ಳ ಬರುವುದು ನಿಲ್ಲುವುದಿಲ್ಲ, ಗೊತ್ತಾಗುವುದು ತಡವಾಗುತ್ತದೆ ಅಷ್ಟೆ.

ಈ ವಿಡಿಯೊಗಳಲ್ಲಿ ಕೆಲವು ಕನ್ನಡದಲ್ಲೂ ಬರುತ್ತವೆ. ಕನ್ನಡದಲ್ಲಿದೆ ಎಂದು ಖುಷಿಪಡಬೇಕೆ? ಕನ್ನಡದಲ್ಲಿ ಸುಳ್ಳು ಹೇಳಿದರೂ ಸುಳ್ಳೇ.

ತಪ್ಪು ನಿಮ್ಮದೇ ಎಂದು ಕುಗ್ಗಬೇಡಿ. ದೊಡ್ಡ ದೊಡ್ಡ ಕಂಪನಿಗಳೇ ಈ ವಿಷಯದಲ್ಲಿ ಮುಗ್ಗರಿಸಿವೆ. ಅಮೆರಿಕದ ನ್ಯಾಯಾಲಯದಲ್ಲಿ ಮೈಕ್ರೋಸಾಫ್ಟ್ ಮೇಲೆ ಹೂಡಿದ್ದ ಒಂದು ಮೊಕದ್ದಮೆಯಲ್ಲಿ 2008ರಲ್ಲಿ ಆ ಕಂಪನಿಯ ಒಳಗಿನ ಕಾಗದಗಳು ಹೊರಬಿದ್ದವು. 2007ರಲ್ಲಿ ದಾಖಲಾದ ವಿಸ್ತಾ ಕುಸಿತಗಳಲ್ಲಿ ಶೇಕಡಾ 29ರಷ್ಟು ಎನ್‌ವಿಡಿಯಾದ ಡ್ರೈವರುಗಳ ಲೆಕ್ಕಕ್ಕೆ ಬಿದ್ದಿದ್ದವು. ಆ ಮೂರರಲ್ಲೊಂದು ಪಾಲಿನ ಜನರೆಲ್ಲ ತಮ್ಮ ಕಂಪ್ಯೂಟರ್ ಕೆಟ್ಟಿದೆ ಎಂದೇ ತಿಳಿದಿದ್ದರಲ್ಲವೆ?

ತೀರಾ ಈಚಿನದು ಕೇಳಿ. ಇಂಟೆಲ್ ಕಂಪನಿಯ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಆಟ ಶುರುಮಾಡಿದರೆ ವಿಡಿಯೊ ಮೆಮೊರಿ ಸಾಲದು ಎಂಬ ಸಂದೇಶ ಬಂದು ಎಲ್ಲ ಬಿದ್ದುಹೋಗುತ್ತಿತ್ತು. ಜನ ಗ್ರಾಫಿಕ್ಸ್ ಕಾರ್ಡನ್ನು ಬೈದರು, ಡ್ರೈವರ್ ಬದಲಿಸಿದರು, ಕಾರ್ಡನ್ನೇ ಬದಲಿಸಿದವರೂ ಇದ್ದರು. ಕೊನೆಗೆ ನೋಡಿದರೆ ಗ್ರಾಫಿಕ್ಸ್ ಚಿಪ್ಪಿಗೂ ಅದಕ್ಕೂ ಸಂಬಂಧವೇ ಇಲ್ಲ! ಪ್ರೊಸೆಸರಿಗೆ ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಹೋಗುತ್ತಿತ್ತು. 2024ರ ಆಗಸ್ಟಿನಲ್ಲಿ ಬಯೋಸ್ ಮೂಲಕ ಹಾಕುವ ತಿದ್ದುಪಡಿ ಬಂತು, ಬಯೋಸಿನಲ್ಲಿ ಇಂಟೆಲ್ ಡೀಫಾಲ್ಟ್ ಸೆಟ್ಟಿಂಗನ್ನೇ ಇಟ್ಟುಕೊಳ್ಳಿ ಎಂಬ ಸಲಹೆಯೂ ಬಂತು. ಕಂಪನಿ ವಾರಂಟಿಯನ್ನು 2 ವರ್ಷ ಹೆಚ್ಚಿಸಿತು. ಅಷ್ಟರಲ್ಲಿ ಹಾಳಾಗಿಬಿಟ್ಟಿದ್ದ ಪ್ರೊಸೆಸರನ್ನು ಯಾವ ಸೆಟ್ಟಿಂಗೂ ಸರಿಮಾಡಲಿಲ್ಲ, ಬದಲಿಸಿಯೇ ಆಗಬೇಕಿತ್ತು. ಪರದೆಯ ಮೇಲೆ ಬರೆದದ್ದನ್ನೆಲ್ಲ ವೇದವಾಕ್ಯ ಎಂದು ನಂಬಬಾರದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ನಿಮ್ಮದು ಆ ತಲೆಮಾರಿನ ಯಂತ್ರವಾದರೆ ಬಯೋಸ್ ಹೊಸದೋ ಅಲ್ಲವೋ ಇವತ್ತೇ ನೋಡಿ. ಬಯೋಸ್ ಬದಲಿಸುವಾಗ ಮಾತ್ರ ಕರೆಂಟು ಹೋಗಬಾರದು. ಗುಡುಗು ಮಿಂಚಿನ ಸಂಜೆ ಆ ಕೆಲಸಕ್ಕೆ ಕೈ ಹಾಕಬೇಡಿ.

ಇನ್ನು ಮೂಡುಬಿದಿರೆ. ಅಲ್ಲಿ ಕಾಲೇಜುಗಳೂ ಇವೆ, ಸ್ಟುಡಿಯೊಗಳೂ ಇವೆ, ಫ್ಲೆಕ್ಸ್ ಅಂಗಡಿಗಳೂ ಇವೆ. ಜೂನ್ ಬಂದರೆ ಮಳೆ. ಮೂರು ನಾಲ್ಕು ತಿಂಗಳು ಗೋಡೆಯೇ ಬೆವರುವ ಊರು. ಕ್ಯಾಬಿನೆಟ್ಟಿನೊಳಗೆ ತೇವ, ಧೂಳು, ಇರುವೆ, ಒಮ್ಮೊಮ್ಮೆ ಹಲ್ಲಿ. ಕಾರ್ಡಿನ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಕಿಲುಬು. ಇಂಥ ಯಂತ್ರಕ್ಕೆ ನೀವು ಯಾವ ಟಿಕ್ ತೆಗೆದರೇನು, ಹಾಕಿದರೇನು? ಆದ್ದರಿಂದ ಇದು ಸೆಟ್ಟಿಂಗಿನ ರೋಗವೋ ಯಂತ್ರದ ರೋಗವೋ ಎಂದು ಮೊದಲು ತಿಳಿಯಬೇಕು. ಅದಕ್ಕೆ ಸೇಫ್ ಮೋಡ್ ಇದೆ. ಶಿಫ್ಟ್ ಒತ್ತಿಕೊಂಡು ರೀಸ್ಟಾರ್ಟ್ ಕೊಟ್ಟರೆ ದಾರಿ ಸಿಗುತ್ತದೆ. ಅಲ್ಲಿ ಕಂಪನಿಯ ಡ್ರೈವರ್ ಇರುವುದಿಲ್ಲ, ವಿಂಡೋಸಿನದ್ದೇ ಸರಳ ಡ್ರೈವರ್ ಇರುತ್ತದೆ. ಅಲ್ಲಿ ಒಂದು ಗಂಟೆ ಸುಮ್ಮನೆ ನಡೆದರೆ ಬಹುಪಾಲು ತಪ್ಪು ಡ್ರೈವರಿನದೋ ಸೆಟ್ಟಿಂಗಿನದೋ ಇರಬೇಕು. ಅಲ್ಲಿಯೂ ಗೆರೆ, ಚುಕ್ಕಿ, ಬಣ್ಣದ ಚೌಕ ಬಂದರೆ, ಅಥವಾ ವಿಂಡೋಸ್ ಶುರುವಾಗುವ ಮೊದಲು ಬಯೋಸ್ ಪರದೆಯಲ್ಲೇ ಬಂದರೆ, ಯಂತ್ರ ಬಿಚ್ಚಬೇಕು. ಕರೆಂಟು ತೆಗೆದು, ವೈರ್ ಕಳಚಿ, ಕಾರ್ಡನ್ನು ಹೊರಗೆಳೆದು ಹಲ್ಲುಗಳನ್ನು ಮೆತ್ತನೆಯ ರಬ್ಬರಿನಿಂದ ಒರೆಸಿ ಕೂರಿಸಿ. ಫ್ಯಾನ್ ತಿರುಗುತ್ತಿದೆಯೇ ನೋಡಿ. ಮೇಜಿನ ಕೆಳಗಿನ ಯುಪಿಎಸ್ ಬ್ಯಾಟರಿಗೆ ಎಷ್ಟು ವಯಸ್ಸಾಯಿತು, ಪ್ಲಗ್ಗಿಗೆ ಅರ್ಥ್ ಇದೆಯೇ ಕೇಳಿ. ಭಾರದ ಕೆಲಸ ಕೊಟ್ಟಾಗಲೇ ಪರದೆ ಬೀಳುತ್ತದೆ, ಸುಮ್ಮನಿದ್ದಾಗ ಬೀಳುವುದಿಲ್ಲ ಎಂದರೆ ಬಿಸಿ ಅಥವಾ ವಿದ್ಯುತ್ತಿನ ಕೊರತೆಯನ್ನು ಅನುಮಾನಿಸಬೇಕು.

ಚಿಪ್ಪೇ ಕೆಟ್ಟು ಬಂದ ಉದಾಹರಣೆಯೂ ಇದೆ. 2008ರ ಜುಲೈನಲ್ಲಿ ಎನ್‌ವಿಡಿಯಾ ತನ್ನ ಕೆಲವು ಲ್ಯಾಪ್‌ಟಾಪ್ ಚಿಪ್ಪುಗಳ ದೋಷಕ್ಕಾಗಿ 15ರಿಂದ 20 ಕೋಟಿ ಡಾಲರ್ ತೆಗೆದಿಡುವುದಾಗಿ ಪ್ರಕಟಿಸಿತ್ತು. ಬಿಸಿಯಾಗಿ ತಣ್ಣಗಾಗಿ, ಬಿಸಿಯಾಗಿ ತಣ್ಣಗಾಗಿ ಚಿಪ್ಪಿನ ಬೆಸುಗೆ ಬಿಡುತ್ತಿತ್ತು. ಅದಕ್ಕೆ ಫಾರ್ಮ್ಯಾಟ್ ಮಾಡಿದವರು ಎಷ್ಟು ಸಾವಿರ ಜನವೋ!

ಈಗ ಕನ್ನಡದ ಮಾತಿಗೆ ಬರೋಣ. ನಾಮಫಲಕದಲ್ಲಿ 60 ಭಾಗ ಕನ್ನಡ ಇರಲೇಬೇಕೆಂದು 2024ರಲ್ಲಿ ಕಾಯಿದೆಗೆ ತಿದ್ದುಪಡಿ ಆಯಿತು. ನಾವೆಲ್ಲ ಕುಣಿದೆವು. ಆ ಫಲಕ ಎಲ್ಲಿ ಹುಟ್ಟುತ್ತದೆ ಎಂದು ಯಾರಾದರೂ ಯೋಚಿಸಿದ್ದೀರಾ? ಇಂಥದ್ದೇ ಡಿಟಿಪಿ ಅಂಗಡಿಯಲ್ಲಿ, ಇಂಥದ್ದೇ ಆಗಾಗ ಕಪ್ಪಾಗುವ ಪರದೆಯ ಮೇಲೆ. ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಕನ್ನಡಕ್ಕೆ ಕೀಲಿಮಣೆ ವಿನ್ಯಾಸ ಮಾಡಿಕೊಟ್ಟರು. ಶೇಷಾದ್ರಿ ವಾಸು 1998ರಲ್ಲಿ ಬರಹ ಕೊಟ್ಟರು. ಕನ್ನಡ ಗಣಕ ಪರಿಷತ್ತು ನುಡಿ ಕೊಟ್ಟಿತು. ಒಳಗೆ ಹಾಕುವ ದಾರಿ ಅವರು ಮಾಡಿಕೊಟ್ಟಿದ್ದಾರೆ. ಹಾಕಿದ್ದನ್ನು ಉಳಿಸಿಕೊಳ್ಳುವ ದಾರಿ ನಾವು ಮಾಡಿಕೊಳ್ಳಬೇಡವೆ? ವಿಂಡೋಸಿನ ಮೆನುಗಳನ್ನು ಕನ್ನಡಕ್ಕೆ ಬದಲಿಸಿಕೊಳ್ಳಬಹುದು, ನಮ್ಮಲ್ಲಿ ಎಷ್ಟು ಜನ ಬದಲಿಸಿಕೊಂಡಿದ್ದೇವೆ? ಆದರೆ ಯಂತ್ರ ಬಿದ್ದಾಗ ಓದಬೇಕಾದ ವಿವರಗಳು, ಬಯೋಸಿನ ಪುಟಗಳು ಇಂಗ್ಲಿಷಿನಲ್ಲೇ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಕಲಿತು ಎಸ್ಸೆಸ್ಸೆಲ್ಸಿ ಮುಗಿಸಿ ಅಂಗಡಿ ಇಟ್ಟವರು ಅದನ್ನು ಓದುವುದು ಹೇಗೆ? ಓದಲಾರದ್ದಕ್ಕೇ ಅವರು ಫಾರ್ಮ್ಯಾಟಿಗೆ ಒಪ್ಪುತ್ತಾರೆ. ರಿಪೇರಿಯ ಹುಡುಗನ ಮೇಲೂ ನನಗೆ ಸಿಟ್ಟಿಲ್ಲ. ಅವನಿಗೆ ಒಂದೇ ಮದ್ದು ಕಲಿಸಿದ್ದಾರೆ, ಅದನ್ನೇ ಎಲ್ಲರಿಗೂ ಕುಡಿಸುತ್ತಿದ್ದಾನೆ.

ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಳಾ ಟೀಕೆಯ ತಾಳೆಗರಿಗಳು ಕನ್ನಡ ಲಿಪಿಯಲ್ಲಿ ಶತಮಾನಗಳ ಕಾಲ ಉಳಿದು ಬಂದವು. ಅದೇ ಮಳೆ, ಅದೇ ತೇವ, ಅದೇ ಇರುವೆ. ನಮ್ಮ ಮೇಷ್ಟ್ರ ತಾಳಮದ್ದಳೆ ಟಿಪ್ಪಣಿ ಹಾರ್ಡ್‌ಡಿಸ್ಕಿನಲ್ಲಿ ಒಂದು ರಾತ್ರಿ ಬಾಳಲಿಲ್ಲ.

ಬೆಂಗಳೂರಿನಲ್ಲಿ, ಮೈಸೂರಿನಲ್ಲಿ, ಹುಬ್ಬಳ್ಳಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಗೆಳೆಯರೇ, ನಿಮ್ಮನ್ನೇ ಕೇಳುತ್ತಿದ್ದೇನೆ. ಈ ಮೇಲೆ ಬರೆದದ್ದೆಲ್ಲ ನಿಮಗೆ ಅಂಗೈ ಗೆರೆ. ಆಫೀಸಿನಲ್ಲಿ ಯಾವನೋ ಅಮೆರಿಕದವನ ಯಂತ್ರ ನಿಂತರೆ ರಾತ್ರಿ ಎರಡು ಗಂಟೆಗೆ ಎದ್ದು ಕೂರುತ್ತೀರಿ. ದೀಪಾವಳಿಗೆ ಊರಿಗೆ ಹೋಗುತ್ತೀರಲ್ಲ, ನಿಮ್ಮೂರಿನ ಡಿಟಿಪಿ ಅಂಗಡಿಯಲ್ಲಿ ಅರ್ಧ ದಿನ ಕೂತಿದ್ದೀರಾ ಎಂದಾದರೂ? ಕೂರಿ. ಮೊದಲು ಅವರ ಕಡತಗಳನ್ನೂ ಫಾಂಟುಗಳನ್ನೂ ಎರಡು ಕಡೆ ನಕಲು ಮಾಡಿಕೊಡಿ. ಹಳೆಯ ಫಾಂಟಿನ ಬರಹಗಳನ್ನು ಯುನಿಕೋಡಿಗೆ ತಿರುಗಿಸಿಕೊಡಿ, ಹಾಗಾದರೆ ಫಾಂಟು ಹೋದರೂ ಅಕ್ಷರ ಹೋಗುವುದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಯಂತ್ರ ಹೊಸದಕ್ಕೆ ಏರುತ್ತದೋ ಇಲ್ಲವೋ ನೋಡಿ ಹೇಳಿ. ಆಮೇಲೆ ಈ ಸೆಟ್ಟಿಂಗುಗಳ ದಾರಿಯನ್ನು ಕನ್ನಡದಲ್ಲಿ ಒಂದು ಹಾಳೆಗೆ ಬರೆದುಕೊಡಿ. ಪರದೆಯ ಮೇಲೆ ಕಾಣುವ ಇಂಗ್ಲಿಷ್ ಹೆಸರನ್ನು ಕನ್ನಡ ಅಕ್ಷರದಲ್ಲಿ ಹಾಗೇ ಬರೆಯಿರಿ, ಯಾರಿಗೂ ತಿಳಿಯದ ಸಂಸ್ಕೃತ ಪದ ಹೊಸೆದು ಪಾಂಡಿತ್ಯ ತೋರಿಸಬೇಡಿ. ಗ್ರಾಫಿಕ್ಸ್ ಎಂದರೆ ಬಿ.ಸಿ. ರೋಡಿನಲ್ಲಿ ಎಲ್ಲರಿಗೂ ಗೊತ್ತು.

ಆ ಅಂಗಡಿಗೆ ಕಳೆದ ತಿಂಗಳು ಮತ್ತೆ ಹೋಗಿದ್ದೆ. ಹುಡುಗಿ ಬರೆದುಕೊಟ್ಟ ಹಾಳೆಯನ್ನು ಅಣ್ಣ ಲ್ಯಾಮಿನೇಶನ್ ಮಾಡಿಸಿ ಕ್ಯಾಬಿನೆಟ್ಟಿನ ಮೇಲೆ ಅಂಟಿಸಿದ್ದಾರೆ. ಹತ್ತು ಸಾಲು, ಎಲ್ಲ ಕನ್ನಡದಲ್ಲಿ. ಮೊದಲನೆಯ ಸಾಲು, ಫಾರ್ಮ್ಯಾಟ್ ಮಾಡುವ ಮೊದಲು ನನಗೆ ಫೋನ್ ಮಾಡಿ. ರಿಪೇರಿಯ ಹುಡುಗ ಅದರ ಫೋಟೊ ತೆಗೆದುಕೊಂಡು ಹೋಗಿದ್ದಾನಂತೆ. ಮೇಷ್ಟ್ರು ತಮ್ಮ ಹಳೆಯ ನೋಟುಪುಸ್ತಕಗಳಲ್ಲಿ ಎರಡು ಸಿಕ್ಕಿವೆ ಎಂದು ಹೇಳಿ ಕಳಿಸಿದ್ದರು. ಒಟ್ಟು ಏಳು ಇದ್ದವು. ಅಣ್ಣ ಮೊದಲ ಪುಟದಿಂದ ಮತ್ತೆ ಟೈಪಿಸಲು ಕೂತಿದ್ದಾರೆ.